ಅದ್ದದೆ ಕಚ್ಚಿದ ರಸ್ಕು

ಚಿನ್ನ ಅಂದರೆ ಯಾರ ಕಿವಿ ನೆಟ್ಟಗಾಗುವುದಿಲ್ಲ, ಹೇಳಿ! ರಷ್ಯಾದ ಉತ್ತರದ ತುದಿಗೆ, ಒಂದು ನದಿಯ ದಂಡೆಗೆ, ಚಿನ್ನ ಹುಡುಕುವ ತಂಡವೊಂದು ಹೋಯಿತು. ಜೊತೆಗೆ ಇಗ್ನಾತ್ ಎಂಬ ವಯಸ್ಸಾದ ವೈದ್ಯರು. ಅವರ ಬೆನ್ನಿಗೆ ಶಿಷ್ಯ ಗ್ಲೆಬ್.

ಗ್ಲೆಬ್‌ಗೆ ಚಿನ್ನ ಬೇಕಿರಲಿಲ್ಲ. ಅದು ನೆಲದೊಳಗೆ ಹೇಗೆ ಕೂತಿರುತ್ತದೆ ಅಂತ ಕಣ್ಣಾರೆ ನೋಡಬೇಕು, ಅಷ್ಟೇ. ದಾರಿಯುದ್ದಕ್ಕೂ ಕಪ್ಪು ರೊಟ್ಟಿಯ ರಸ್ಕನ್ನು ಕಟಂ ಕಟಂ ಅಂತ ಕಡಿಯುವುದು, ಪ್ರಶ್ನೆ ಕೇಳುವುದು.

"ಗುರುಗಳೇ, ಯಾವ ಮರಳಲ್ಲಿ ಚಿನ್ನ ಇದೆ ಅಂತ ಇವರಿಗೆ ಹೇಗೆ ಗೊತ್ತಾಗುತ್ತೆ?"

"ಮರಳನ್ನ ಕೇಳಲ್ಲಪ್ಪ. ತೊಳೆದು ನೋಡ್ತಾರೆ."

ಬೇಸಿಗೆ ಮುಗಿಯಿತು. ನದಿ ಹೆಪ್ಪುಗಟ್ಟುವ ಮುಂಚಿನ ಕೊನೆಯ ದೋಣಿ ಊರಿನ ಕಡೆ ಹೊರಡುವುದಿತ್ತು.

ಆ ಸೀಮೆಯಲ್ಲಿ ಚಳಿಗಿಂತ ಕೆಟ್ಟದ್ದು ಒಸಡಿನ ರೋಗ. ಹಣ್ಣು, ಸೊಪ್ಪು ಕಾಣದೆ ಒಸಡು ಬಾತು ರಕ್ತ ಬರುತ್ತದೆ. ಆಮೇಲೆ ಕಾಲು ಸೋಲುತ್ತದೆ, ಆಮೇಲೆ ಜೀವವೇ ಹೋಗುತ್ತದೆ. ರೋಗ ಕಂಡವನನ್ನು ದೋಣಿ ಹತ್ತಿಸಬೇಕು ಅಂತ ಕಟ್ಟುನಿಟ್ಟು. ದೋಣಿ ಹತ್ತಿದವನಿಗೆ ಚಿನ್ನದಲ್ಲಿ ಪಾಲಿಲ್ಲ.

"ಎಲ್ಲರನ್ನೂ ನೋಡಿ ಬಾ" ಅಂದರು ಗುರುಗಳು.

ಗ್ಲೆಬ್ ಗುಡಾರಗಳನ್ನೆಲ್ಲ ಸುತ್ತಿ ಖುಷಿಯಿಂದ ಬಂದ.

"ಒಬ್ಬರಿಗೂ ಏನೂ ಇಲ್ಲ ಗುರುಗಳೇ! ಎಲ್ಲರೂ ಗುಂಡುಕಲ್ಲಿನ ಹಾಗಿದ್ದಾರೆ."

"ಹೇಗೆ ಗೊತ್ತಾಯ್ತು?"

"ಕೇಳಿದೆ. ಬಾಯೂ ನೋಡಿದೆ, ರಕ್ತ ಇಲ್ಲ."

"ನೀನು ಬರೋದು ಕಂಡು ಬಾಯಿ ಮುಕ್ಕಳಿಸಿರ್ತಾರೆ."

ಗುರುಗಳು ರಸ್ಕಿನ ಚೀಲ ಎತ್ತಿಕೊಂಡು ಹೊರಟರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕೈಗೊಂದೊಂದು ಕೊಟ್ಟರು. ಅಲ್ಲಿಯವರು ಆ ರಸ್ಕನ್ನು ಚಹಾದಲ್ಲಿ ಅದ್ದಿಯೇ ತಿನ್ನುವುದು, ಇಲ್ಲದಿದ್ದರೆ ಹಲ್ಲು ಮುರಿಯುವಷ್ಟು ಗಟ್ಟಿ.

"ಒಣಗಿದ್ದನ್ನೇ ಕಚ್ಚಿ. ಚಹಾ ಆಮೇಲೆ."

ಯೆಫೀಮ್ ಎಂಬ ಗುಂಡಿ ತೋಡುವವನು ಕಚ್ಚಿದ್ದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಗ್ಲೆಬ್ ಬೆರಳು ಬಿಡಿಸಿ ನೋಡಿದ. ರಸ್ಕಿನ ಅಂಚು ಕೆಂಪಗಿತ್ತು.

"ಡಾಕ್ಟರೇ, ನಿಮ್ಮ ಕಾಲಿಗೆ ಬೀಳ್ತೀನಿ. ಇನ್ನು ಸ್ವಲ್ಪ ದಿನ ಬಿಡಿ. ಗುಂಡಿಯ ತಳದ ಚಿನ್ನ ಕಾಣೋ ಹೊತ್ತಲ್ಲಿ ಹೋಗು ಅಂತೀರಲ್ಲ!"

"ರಕ್ತ ಕಂಡವನು ದೋಣಿಗೆ. ನಿನಗೊಂದು ನ್ಯಾಯ, ಬೇರೆಯವರಿಗೊಂದು ನ್ಯಾಯ ಇಲ್ಲ."

ಗುರುಗಳು ಪೈನ್ ಮರದ ಎಲೆ ಕುದಿಸಿದ ಕಷಾಯವನ್ನು ಯೆಫೀಮ್ ಮುಂದೆ ಹಿಡಿದರು. ಈ ರೋಗಕ್ಕೆ ಅಲ್ಲಿದ್ದ ಮದ್ದು ಅದೊಂದೇ. ಅವನು ಒಂದು ಗುಟುಕು ಕುಡಿದು ಥೂ ಅಂತ ಉಗಿದ.

"ಇದನ್ನ ಕುಡಿಯೋದಕ್ಕಿಂತ ಸಾಯೋದೇ ವಾಸಿ!"

"ಚಿಕ್ಕ ಮಗು ಥರ ಆಡಬೇಡ, ಕುಡಿ!" ಅಂತ ಗ್ಲೆಬ್ ಗದರಿದ. ಗ್ಲೆಬ್‌ನ ಪಾಲಿನ ಕಷಾಯವೂ ದಿನಾ ಗುಡಾರದ ಹಿಂದೆ ಮಣ್ಣಿಗೆ ಹೋಗುತ್ತಿತ್ತು ಅನ್ನಿ. ಯಾರೂ ನೋಡಿಲ್ಲ ಅಂದುಕೊಂಡಿದ್ದ, ಪಾಪ.

ಆಮೇಲೆ ಗುರು ಶಿಷ್ಯರಿಬ್ಬರೂ ಬೆಂಕಿಯ ಮುಂದೆ ಚಹಾಕ್ಕೆ ಕೂತರು.

"ಮರಳನ್ನ ಕೇಳಬಾರದು, ತೊಳೀಬೇಕು. ಈಗ ಅರ್ಥ ಆಯ್ತು ಗುರುಗಳೇ!"

ಗುರುಗಳು ಒಂದು ರಸ್ಕು ಕೊಟ್ಟರು. ಗ್ಲೆಬ್ ಅದನ್ನು ಲೋಟದ ಹತ್ತಿರ ಒಯ್ದ. ಗುರುಗಳು ಅವನ ಮಣಿಕಟ್ಟು ಹಿಡಿದರು.

"ಅದ್ದಬೇಡ."

"ಅಯ್ಯೋ, ನನಗೆ ಅಭ್ಯಾಸ ಗುರುಗಳೇ."

"ಯಾವಾಗಿಂದ? ಬರುವಾಗ ನಿನ್ನ ಕಟಂ ಕಟಂ ಕೇಳಿ ಕೇಳಿ ನನಗೆ ತಲೆನೋವು ಬರ್ತಿತ್ತು. ಈಚೆಗೆ ತಲೆನೋವು ಹೋಗಿದೆ."

ಗ್ಲೆಬ್ ನಕ್ಕ. ಆಮೇಲೆ ನಗು ನಿಂತಿತು. ತಾನು ಯಾವಾಗಿನಿಂದ ಅದ್ದತೊಡಗಿದೆ ಅಂತ ಅವನಿಗೇ ನೆನಪಾಗಲಿಲ್ಲ.

ಒಣ ರಸ್ಕು ಕಚ್ಚಿದ. ಕೈಯಲ್ಲಿದ್ದುದನ್ನು ನೋಡಿದ. ಮುಷ್ಟಿಯಲ್ಲಿ ಮುಚ್ಚಿಕೊಂಡ.

ಗುರುಗಳು ಬಿಡಿಸಿ ನೋಡಲಿಲ್ಲ.

"ಗುರುಗಳೇ, ಇನ್ನು ಸ್ವಲ್ಪ ದಿನ..." ಅಂದವನು ಅಲ್ಲಿಗೇ ನಿಲ್ಲಿಸಿದ. ಆ ಮಾತನ್ನು ಸ್ವಲ್ಪ ಮುಂಚೆ ಯಾರು ಹೇಳಿದ್ದರು ಅಂತ ನೆನಪಾಯಿತು. ನಾಚಿಕೆಯಿಂದ ಅವನ ಮುಖ ಕೆಂಪಾಯಿತು.

ನದಿಯ ಕಡೆಯಿಂದ ದೋಣಿಯವರು ಕೂಗುತ್ತಿದ್ದರು.

"ಇಷ್ಟು ದೂರ ಬಂದು, ಚಿನ್ನದ ಮುಖಾನೂ ನೋಡದೆ ಹೋಗಬೇಕಾ ಗುರುಗಳೇ?" ಗ್ಲೆಬ್‌ನ ಕಣ್ಣು ತುಂಬಿತು.

ಗುರುಗಳು ಎದ್ದು ಹೋಗಿ ದೊಡ್ಡ ಹೂಜಿಯ ತುಂಬ ಕಷಾಯ ತಂದರು. ಅದನ್ನು ಶಿಷ್ಯನ ಕೈಗಿಟ್ಟು, ಅವನ ಕೋಟಿನ ಜೇಬಿಗೆ ಎರಡು ಲೋಟ ತುರುಕಿದರು.

ಗ್ಲೆಬ್ ಕಣ್ಣೊರೆಸಿಕೊಂಡ. ಪ್ರಶ್ನೆ ಮಾತ್ರ ಅವನನ್ನು ಬಿಡುತ್ತದೆಯೇ?

"ಎರಡು ಲೋಟ ಯಾಕೆ ಗುರುಗಳೇ?"

"ಯೆಫೀಮ್ ಒಬ್ಬನೇ ಕುಡಿಯಲ್ಲ."