ಎದುರಿನವರ ನಡೆ

ಹೊಳೆಗೆ ಇಳಿಯುವ ಕಲ್ಲಿಗೆ ಆ ಸೀಮೆಯಲ್ಲಿ ಒಂದು ಹೆಸರಿತ್ತು. ಮೆಟ್ಟಿಲಲ್ಲ, ಸೋಪಾನವೂ ಅಲ್ಲ. ಪಾವ... ಪಾವಟಿಗೆ. ಹೌದು, ಪಾವಟಿಗೆ.

ಮಲಪ್ರಭೆಯ ದಂಡೆಯಲ್ಲಿ, ಅಂಥ ಪಾವಟಿಗೆಗಳ ಮೇಲ್ತುದಿಗೆ ಒಂದು ಸಣ್ಣ ಮಠ. ಅಲ್ಲಿ ಅಡಿವೆಪ್ಪಜ್ಜ ಎಂಬ ಗುರು. ಅವರು ಕಲಿಸುತ್ತಿದ್ದದ್ದು ಚದುರಂಗ ಒಂದನ್ನೇ.

ಒಂದು ಬೆಳಿಗ್ಗೆ ದಾನೇಶ್ವರಿ ಎಂಬ ಹುಡುಗಿ ಬಂದು ಅವರ ಕಾಲಿಗೆ ಬಿದ್ದಳು. ಬೀಳುವಾಗಲೂ ಏಳುವಾಗಲೂ ಮೊಬೈಲು ಕೈಬಿಟ್ಟಿರಲಿಲ್ಲ.

"ಅಜ್ಜಾರ, ನಾ ಮೊಬೈಲಿನ್ಯಾಗ ಮೂರು ಮಿನಿಟಿನ ಆಟಾ ಆಡತೀನ್ರಿ. ರಾಜ್ಯದ ಹುಡುಗ್ಯಾರ ತಂಡದಾಗ ಒಂದ ಜಾಗಾ ಉಳದೈತಿ. ಯುಗಾದಿ ಆದ ಮ್ಯಾಲ ಅದಕ್ಕ ಮೊಬೈಲಿನ್ಯಾಗ ಪಂದ್ಯ. ಈ ಸಲಾ ತಪ್ಪಿದರ ನನ್ನ ವಯಸ್ಸು ಮೀರತೈತಿ."

"ನನ್ನಿಂದ ಏನಾಗಬೇಕವ್ವಾ?"

"ನನ್ನ ಕೈ ಚುರುಕ ಮಾಡಿಕೊಡ್ರಿ. ಭಾಳ ದಿನದಿಂದ ಇದ್ದಲ್ಲೇ ಅದೀನಿ."

"ದಿನಾ ಎಷ್ಟು ಆಡ್ತಿ?"

"ಕಣ್ಣು ಉರಿಯೂ ತನಕಾ."

"ಸೋತ ಆಟಾ ತಿರುಗಿ ನೋಡ್ತೀ ಏನು?"

"ಅಷ್ಟೊತ್ತಿಗೆ ಇನ್ನೊಂದ ಆಡಬಹುದಲ್ರಿ!"

ಅಜ್ಜ ನಕ್ಕರು. "ಆಡು, ನೋಡೂಣು."

ದಾನೇಶ್ವರಿ ಆಡಿದಳು. ಕೋಳಿ ಕಾಳು ಹೆಕ್ಕಿದಂತೆ ಅವಳ ಬೆರಳು ಓಡಿತು. ಎಲ್ಲಿಯೋ ಇದ್ದ ಎದುರಾಳಿ ಅವಳನ್ನು ಸೋಲಿಸಿದಳು.

"ಅಕಿ ಕುದುರಿ ಆ ಮೂಲಿಗೆ ಯಾಕ ಹೋತು?" ಅಜ್ಜ ಕೇಳಿದರು.

"ಯಾವ ಕುದುರಿ?"

"ಹಂಗಾರ ನೀ ಯಾರ ಜೋಡಿ ಆಡಿದೆವ್ವಾ?"

ಅವಳ ಮುಖ ಕೆಂಪಾಯಿತು. "ಇದರಾಗ ಒಂದು ಅನುಕೂಲ ಐತ್ರಿ. ಎದುರಿನವರು ಆಡೂದಕ್ಕಿಂತ ಮೊದಲ ನಮ್ಮ ಉತ್ತರಾ ಇಟ್ಟ ಬಿಡಬಹುದು. ವ್ಯಾಳ್ಯಾ ಉಳೀತೈತಿ."

"ಹೌದ? ಚಲೋ ಐತಲ್ಲ," ಅಂದರು ಅಜ್ಜ.

ಮರುದಿನ ಅವಳು ಬಂದು ಕುಳಿತಳು.

"ಅಜ್ಜಾರ, ನಾ ಇವತ್ತು—"

"ಊಟಾ ಆತವ್ವಾ."

"ಅದಲ್ರಿ, ನನಗ ಯಾವಾಗಿಂದ—"

"ಮಳಿ ಬರಂಗಿಲ್ಲ ತಗೋ."

"ಅಯ್ಯ, ನಾ ಕೇಳೂದು—"

"ನಾಗವ್ವ ಒಳಗ ರೊಟ್ಟಿ ಬಡ್ಯಾಕತ್ತಾಳ."

"ಮಾತರ ಮುಗಸಾಕ ಬಿಡ್ರಿ!" ಹುಡುಗಿ ರೇಗಿದಳು.

"ಯಾಕ? ವ್ಯಾಳ್ಯಾ ಉಳೀತಲ್ಲ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮಠದ ಅಡುಗೆಯಾಕೆ ನಾಗವ್ವ ಕೈ ನಿಲ್ಲಿಸಿ ಗೊಳ್ಳೆಂದು ನಕ್ಕಳು. ದಾನೇಶ್ವರಿಗೆ ಅಳು ಬಂದಿತ್ತು. ಆದರೂ ನಗು ತಡೆಯಲಾಗಲಿಲ್ಲ.

ಅಂದಿನಿಂದ ಪಾಠ ಶುರುವಾಯಿತು. ಅಜ್ಜ ಚದುರಂಗದ ಮರದ ಹಾಸಿನ ಮೇಲೆ ಅವಳಿಗೊಂದು ರಾಜ, ಒಂದು ಆನೆ, ಒಂದು ಕಾಲಾಳು ಇಟ್ಟರು. ತಮಗೊಂದು ರಾಜ, ಒಂದು ಆನೆ. ಉಳಿದದ್ದನ್ನೆಲ್ಲ ಚೀಲಕ್ಕೆ ತುಂಬಿದರು.

"ಇಷ್ಟ?"

"ಇಷ್ಟ."

ಅಜ್ಜನ ಕಾಯಿ ಬಂದು ನಿಲ್ಲುವವರೆಗೆ ಅವಳ ಕೈ ತೊಡೆಯ ಮೇಲಿರಬೇಕು. ನಿಂತ ಮೇಲೆ ಅದು ಯಾವ ಬಾಗಿಲು ತೆರೆಯಿತು, ಯಾವ ಬಾಗಿಲು ಮುಚ್ಚಿತು ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಮುಟ್ಟಬೇಕು. ಮೊಬೈಲಿನಲ್ಲಿ ಬೆಳಿಗ್ಗೆ ಒಂದೇ ಆಟ. ಮಿಕ್ಕ ದಿನವೆಲ್ಲ ಆ ಆಟವನ್ನೇ ಮತ್ತೆ ಹರಡಿಕೊಂಡು ಕೂರಬೇಕು.

ಯುಗಾದಿ ಹತ್ತಿರ ಬಂತು. ಆ ಒಂದು ಆಟದಲ್ಲೂ ಅವಳು ದಿನಾ ಸೋಲತೊಡಗಿದಳು. ನೋಡುತ್ತ ಕುಳಿತರೆ ವೇಳೆ ತೀರಿಹೋಗುತ್ತಿತ್ತು. ಮೊಬೈಲಿನಲ್ಲಿ ಅವಳ ಹೆಸರಿನ ಪಕ್ಕ ಆಟದ ಮಟ್ಟ ತೋರಿಸುವ ಅಂಕಿ ಇಳಿಯುತ್ತಲೇ ಹೋಯಿತು.

"ಮೊದಲಿಗಿಂತ ಕೆಟ್ಟೀನ್ರಿ," ಅಂದಳು. "ನಿಮ್ಮ ಮಾತು ಕೇಳಿ ಕೆಟ್ಟೀನಿ. ಇದ್ದ ಒಂದ ಜಾಗಾನೂ ಹೋತು."

ಅಜ್ಜ ನಾಗವ್ವನ ಮೊಬೈಲು ತರಿಸಿದರು.

"ಹೊಳ್ಯಾಗ ಬೀಳಸಬ್ಯಾಡ್ರಿ ಮತ್ತ!" ಎಂದು ನಾಗವ್ವ ಒಳಗಿನಿಂದಲೇ ಕೂಗಿದಳು.

"ನನ್ನ ಜೋಡಿ ಆಡು," ಅಂದರು ಅಜ್ಜ. "ನಿನಗ ಮೂರು ಮಿನಿಟು, ನನಗ ಒಂದು."

ಅಜ್ಜನ ಬೆರಳು ವಯಸ್ಸಿಗೆ ನಡುಗುತ್ತಿತ್ತು. ದಾನೇಶ್ವರಿ ಮನಸ್ಸಿನಲ್ಲೇ ಅಯ್ಯೋ ಪಾಪ ಅಂದುಕೊಂಡಳು.

ಆಟ ಅರ್ಧವಾಗುವಷ್ಟರಲ್ಲಿ ಅವಳು ತನ್ನ ಕಾಯಿಗಳನ್ನು ಮರೆತು ಅಜ್ಜನ ಕಣ್ಣನ್ನೇ ನೋಡುತ್ತಿದ್ದಳು.

ಆ ಕಣ್ಣಿನಲ್ಲಿ ಅವಸರವೇ ಇರಲಿಲ್ಲ. ಅವಳ ಒಂದೊಂದು ಕಾಯಿ ಬಂದಾಗಲೂ, ಮನೆ ಬಾಗಿಲಿಗೆ ಬಂದವರನ್ನು ನೋಡುವಂತೆ ಅದನ್ನು ನೋಡುತ್ತಿದ್ದರು. ಯಾರು, ಎಲ್ಲಿಂದ ಬಂದರು, ಏನು ಬೇಕಾಗಿತ್ತು. ಆಮೇಲೆ ಬೆರಳು ಏಳುತ್ತಿತ್ತು. ಅದು ನಡುಗುತ್ತಲೇ ಹೋಗಿ, ಹೋಗಬೇಕಾದ ಮನೆಯ ಮೇಲೆ ಕೂರುತ್ತಿತ್ತು. ಅಷ್ಟೆಲ್ಲ ನೋಡಿದರೂ ಅವರ ಗಡಿಯಾರ ಕದಲಿದಂತೆಯೇ ಕಾಣಲಿಲ್ಲ.

ಅವಳು ಸೋತಳು.

"ಇಷ್ಟು ಜಲ್ದಿ ಹೆಂಗ ಆಡಿದ್ರಿ ಅಜ್ಜಾರ?"

"ಜಲ್ದಿ? ಕುಂತಲ್ಲೇ ಕುಂತೀನಲ್ಲವ್ವಾ."

ಅವಳು ಮತ್ತೆ ಹಾಸಿನ ಮುಂದೆ ಕುಳಿತಳು. ಬಾಗಿಲುಗಳನ್ನು ಹೇಳುತ್ತ ಹೋದಳು. ಹೇಳಿ ಹೇಳಿ ಒಂದು ಬೆಳಿಗ್ಗೆ ಮಾತು ತಾನಾಗಿಯೇ ಉದುರಿಹೋಯಿತು. ಬರೀ ಬಾಗಿಲು ಕಾಣಿಸಿತು. ಅಜ್ಜ ಅದನ್ನು ಕಂಡರು.

ಪಂದ್ಯದ ದಿನ ಅವಳು ಮೊಬೈಲು ಹಿಡಿದು ಮಠದ ಒಂದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕುಳಿತಳು. ಆಡುತ್ತ ಆಡುತ್ತ ಕೊನೆಯ ಆಟಕ್ಕೆ ಬಂದಳು. ಗೆದ್ದರೆ ಜಾಗ ಅವಳದು. ಸಮವಾದರೆ ಎದುರಾಳಿಯದು. ಎದುರಾಳಿ ಕರಾವಳಿಯ ಕಡೆಯ ಹುಡುಗಿ.

ದಾನೇಶ್ವರಿಯ ಕಾಲಾಳು ರಾಣಿಯಾಗಲು ಒಂದೇ ಹೆಜ್ಜೆ. ಎದುರಿನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದಿದ್ದ. ಇಬ್ಬರ ಗಡಿಯಾರದಲ್ಲೂ ಉಳಿದದ್ದು ಕೆಲವೇ ಸೆಕೆಂಡು.

ನಡೆ ಎದುರಾಳಿಯದಾಗಿತ್ತು; ಅದು ಬರುವ ಮೊದಲೇ ಉತ್ತರ ಇಟ್ಟುಬಿಡಲು ಅವಳ ಬೆರಳು ಮೇಲೆದ್ದಿತು. ತಾನೇ ಇಳಿದು ತೊಡೆಯ ಮೇಲೆ ಕೂತಿತು.

ಎದುರಿನ ಆನೆ ನೇರವಾಗಿ ಅವಳ ರಾಜನ ಮಗ್ಗುಲಿಗೇ ಬಂದು ನಿಂತು ಚೆಕ್ ಕೊಟ್ಟಿತು. ಅದಕ್ಕೆ ಕಾವಲಿಲ್ಲ. ಹೊಡೆ ಎಂದು ಕೊರಳು ಚಾಚಿ ನಿಂತಂತಿತ್ತು.

ಹೊಡೆದರೆ ಆ ಮೂಲೆಯ ರಾಜನಿಗೆ ಚೆಕ್ಕೂ ಇಲ್ಲ, ಇಡಲು ಒಂದು ಹೆಜ್ಜೆಯೂ ಇಲ್ಲ. ಆಟ ಸಮ.

ಇದ್ದ ಒಂದೇ ಆನೆಯನ್ನು ಸಾಯಲು ಕಳಿಸಿ, ಸತ್ತುಹೋದ ಆಟವನ್ನು ಆ ಹುಡುಗಿ ಬದುಕಿಸಿಕೊಳ್ಳುತ್ತಿದ್ದಳು. ಕಾಣದ ಊರಿನಲ್ಲಿ ಕುಳಿತು, ಇಷ್ಟೇ ಇಷ್ಟು ವೇಳೆಯಲ್ಲಿ! ದಾನೇಶ್ವರಿಗೆ ಎದೆ ತುಂಬಿ ಬಂತು. ಆ ನಡೆ ಚಂದವಾಗಿತ್ತು. ಅದರ ಚಂದ ನೋಡುವಷ್ಟು ಜಾಗ ಆ ಒಂದು ಸೆಕೆಂಡಿನಲ್ಲಿತ್ತು.

ಅವಳು ಆನೆಯನ್ನು ಮುಟ್ಟಲಿಲ್ಲ. ರಾಜನನ್ನು ಒಂದು ಮನೆ ಕೆಳಗಿಳಿಸಿದಳು.

ಆ ಕಡೆಯಿಂದ ನಡೆ ಬರಲಿಲ್ಲ. ಎದುರಾಳಿಯ ವೇಳೆ ತೀರಿತು.

ದಾನೇಶ್ವರಿ ಹಾಸು, ಕಾಯಿಗಳ ಚೀಲ ಎತ್ತಿಕೊಂಡು ಪಾವಟಿಗೆಗಳನ್ನು ಹಾರುತ್ತ ಇಳಿದು ನೀರಿನ ಹತ್ತಿರ ಕುಳಿತಿದ್ದ ಅಜ್ಜನ ಬಳಿಗೆ ಓಡಿದಳು. ಹಾಸಿನ ಮೇಲೆ ತನ್ನ ರಾಜ, ಆನೆ, ಕಾಲಾಳು ಇಟ್ಟಳು. ಮೂಲೆಗೆ ಎದುರಿನ ರಾಜನನ್ನು ಇಟ್ಟಳು. ಕೊನೆಗೆ ಆ ಆನೆಯನ್ನು ತಂದು ತನ್ನ ರಾಜನ ಮಗ್ಗುಲಿಗೆ ನಿಲ್ಲಿಸಿದಳು.

ಅಜ್ಜ ಬಾಗಿದರು. ಬಹಳ ಹೊತ್ತು ಬಾಗಿಯೇ ಇದ್ದರು. ಅವರ ಎರಡೂ ಕೈ ಮೆಲ್ಲಗೆ ಕೂಡಿದವು.

"ಅಜ್ಜಾರ, ನಾ ಗೆದ್ದೀನ್ರಿ," ಅಂದಳು ದಾನೇಶ್ವರಿ. "ಜಾಗಾ ನನಗ ಸಿಕ್ತು!"

ಅಜ್ಜ ತಲೆ ಎತ್ತಲಿಲ್ಲ.

"ತಡಿಯವ್ವಾ. ನಾ ಇನ್ನೂ ನೋಡಾಕತ್ತೀನಿ."