ಹೊಸ್ತಿಲ ಕೆಳಗಿನ ಕಾಲು

ಬಿಲ್ಲಕಲ್ಲು ಸಂಸ್ಥಾನದ ಉಗ್ರಾಣದ ಪಾರುಪತ್ಯಗಾರ ಅಪ್ರಮೇಯಯ್ಯನವರಿಗೆ ಒಂದು ಹೆಮ್ಮೆಯಿತ್ತು. ದಸರೆ ಹತ್ತಿರ ಬಂದಾಗ ಅದನ್ನು ತುಂಬಿದ ಸಭೆಯಲ್ಲಿ ಹೇಳಿಯೇಬಿಟ್ಟರು.

"ಮಹಾಪ್ರಭು, ಒಂದೇ ರಾಗಿಮೂಟೆಯನ್ನು ಎರಡು ಸಲ ದಾನ ಕೊಡುವ ವಿದ್ಯೆ ಈ ಸೀಮೆಯಲ್ಲಿ ನನಗೊಬ್ಬನಿಗೇ ಗೊತ್ತು."

ದೊರೆ ಮಲ್ಲಭೂಪ ನಾಯಕರು ತಲೆದೂಗಿದರು. ಕೊಟ್ಟ ಪುಣ್ಯವೂ ಬರಬೇಕು, ಕಣಜವೂ ತುಂಬಿರಬೇಕು ಎಂದರೆ ಯಾವ ದೊರೆಗೆ ಬೇಡ? ಆ ವಿದ್ಯೆ ಎಂಥದೆಂದು ಕೇಳುವ ಮೊದಲೇ ಅಪ್ರಮೇಯಯ್ಯನವರ ಹೆಗಲಿಗೆ ಒಂದು ಶಾಲು ಬಿತ್ತು.

ಆಸ್ಥಾನದ ಮಾತುಗಾರ ಸೋಬಣ್ಣ ಮಾತ್ರ ತಲೆದೂಗಲಿಲ್ಲ. ಆ ವಿದ್ಯೆ ಯಾರ ಮೇಲೆ ನಡೆದಿದೆ ಎಂಬುದು ಅವನಿಗೆ ಗೊತ್ತಿತ್ತು. ಹಿಂದಿನ ದಿನವಷ್ಟೇ ಕಾಟಯ್ಯ ಊರುಗೋಲು ಊರಿಕೊಂಡು ಬಂದು ಅವನ ಜಗಲಿಯ ಮೇಲೆ ಕೂತು ಹೋಗಿದ್ದ.

ಕಾಟಯ್ಯ ಇಪ್ಪತ್ತು ವರ್ಷ ದೊರೆಯ ದಂಡಿನಲ್ಲಿ ನಡೆದವನು. ಮೂರು ವರ್ಷದ ಹಿಂದೆ ಇದೇ ಕೋಟೆಯ ಮೂಡಣ ಬಾಗಿಲನ್ನು ಶತ್ರುಗಳಿಂದ ಬಿಡಿಸಿಕೊಳ್ಳುವಾಗ ಮೇಲಿನಿಂದ ಉರುಳಿದ ಬಂಡೆ ಅವನ ಬಲಗಾಲನ್ನು ಜಜ್ಜಿಹಾಕಿತು. ವೈದ್ಯರು ಅಲ್ಲೇ ಕಾಲು ತೆಗೆದರು. ದೊರೆ ಕಣ್ಣೀರು ಹಾಕಿದರು. "ಇನ್ನು ಇದು ನನ್ನ ಕಾಲು. ಬದುಕಿರುವ ತನಕ ಇದರ ಬೆಲೆ ಕೊಡುತ್ತೇನೆ" ಎಂದು ದಂಡಿನ ಎದುರಿಗೇ ಮಾತು ಕೊಟ್ಟು, ಆ ಕಾಲನ್ನು ಬಾಗಿಲ ಹೊಸ್ತಿಲ ಕೆಳಗೇ ಹೂಳಿಸಿದರು. ಇಪ್ಪತ್ತು ವರ್ಷದ ಸೇವೆಗೆಂದು ವರ್ಷಕ್ಕೆ ಹತ್ತು ಮೂಟೆ ರಾಗಿ, ಕಾಲಿಗೆಂದು ಆರು ಮೂಟೆ ಎಂದು ಅಪ್ಪಣೆಯಾಯಿತು.

ಅಪ್ರಮೇಯಯ್ಯನವರು ಅಪ್ಪಣೆ ಮೀರುವವರಲ್ಲ. ಉಗ್ರಾಣದ ಮುಂಬಾಗಿಲಲ್ಲಿ ಡೋಲು ಬಾರಿಸಿ ಕಾಲಿನ ಆರು ಮೂಟೆ ಕೊಟ್ಟರು. ಹಿಂಬಾಗಿಲಲ್ಲಿ ಸೇವೆಯ ಹತ್ತರಿಂದ ಆರು ಮೂಟೆ ಎತ್ತಿಟ್ಟುಕೊಂಡರು. ಒಬ್ಬ ಮನುಷ್ಯನಿಗೆ ಒಂದೇ ಬಾಯಿ ಎಂಬುದು ಅವರ ನ್ಯಾಯ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ ಆಯಿತು.

ಕಾಟಯ್ಯನಿಗೆ ಬೇಕಾಗಿದ್ದದ್ದು ಹೆಚ್ಚಿನ ತುತ್ತಲ್ಲ, ಒಬ್ಬ ಆಳು. ಒಂಟಿ ಕಾಲಲ್ಲಿ ನೇಗಿಲ ಹಿಂದೆ ನಡೆಯುವುದು ಹೇಗೆ? ಆಳಿಗೆ ಕೊಡಲು ರಾಗಿಯಿಲ್ಲದೆ ಅವನ ಹೊಲ ಬೀಳುಬಿದ್ದಿತ್ತು. ಮೂರು ವರ್ಷ ಬೀಳುಬಿದ್ದ ಹೊಲ ಅರಮನೆಗೆ ಸೇರಬೇಕೆಂಬುದು ಸಂಸ್ಥಾನದ ಕಟ್ಟಳೆ. ಈ ಹಿಂಗಾರಿಗೂ ನೇಗಿಲು ಇಳಿಯದಿದ್ದರೆ ಅಜ್ಜನ ಕಾಲದ ಹೊಲ ಕೈಬಿಟ್ಟು ಹೋಗುತ್ತಿತ್ತು. ಕಾಲಿನ ರಾಗಿಯೇ ಬೇಡ ಎಂದೂ ಅವನು ಹೇಳಿ ನೋಡಿದ್ದ. ಆಗಲೂ ಸಿಗುವುದು ಹತ್ತೇ ಎಂದು ಅಪ್ರಮೇಯಯ್ಯನವರು ತಾಳ್ಮೆಯಿಂದ ತಿಳಿಸಿಹೇಳಿದ್ದರು.

ಸೋಬಣ್ಣನಿಗೆ ಸಿಟ್ಟು ಬಂದಿತ್ತು. ಆದರೆ ಸಿಟ್ಟಿನಿಂದ ಕಣಜದ ಬಾಗಿಲು ತೆರೆಯುವುದಿಲ್ಲ ಎಂದು ಅವನಿಗೆ ತಿಳಿಯದ್ದೇನಲ್ಲ. ವಿಜಯದಶಮಿಯ ದಿನ ಮೂಡಣ ಬಾಗಿಲ ಹತ್ತಿರ ಬಂದು ಸುಮ್ಮನೆ ಕೂತಿರು ಎಂದಷ್ಟೇ ಕಾಟಯ್ಯನಿಗೆ ಹೇಳಿ ಕಳಿಸಿದ್ದ.

ವಿಜಯದಶಮಿ ಬಂತು. ಬನ್ನಿ ಮುಡಿಯಲು ದೊರೆ ಕಿರೀಟ ಧರಿಸಿ, ದಂಡಿನ ಜೊತೆ ಮೂಡಣ ಬಾಗಿಲಿಗೆ ಬಂದರು. ಹೊಸ್ತಿಲ ಮೇಲೆ ಪಾದ ಇಡಬೇಕು, ಅಷ್ಟರಲ್ಲಿ ಸೋಬಣ್ಣ ಕೈಯೊಡ್ಡಿ ತಡೆದ.

"ತಾಳಿ ಪ್ರಭು, ತುಳಿಯಬೇಡಿ. ಇಲ್ಲಿ ಹಿರಿಯರೊಬ್ಬರ ಕಾಲಿದೆ."

ದೊರೆ ಪಕ್ಕದಲ್ಲಿ ಕೂತಿದ್ದ ಕಾಟಯ್ಯನನ್ನು ನೋಡಿದರು, ಹೊಸ್ತಿಲನ್ನು ನೋಡಿದರು. "ಆ ಕಾಲು ನನ್ನದಲ್ಲವೇನೋ? ಬೆಲೆ ಕೊಡುತ್ತಿದ್ದೇನೆ. ನನ್ನ ಕಾಲನ್ನು ನಾನು ತುಳಿದರೆ ನಿನಗೇನು?"

"ಹಾಗಿದ್ದರೆ ನನ್ನ ತಕರಾರಿಲ್ಲ," ಎಂದು ಸೋಬಣ್ಣ ಪಾರುಪತ್ಯಗಾರರ ಕಡೆ ತಿರುಗಿದ. "ಸ್ವಾಮಿ, ಕಾಲಿಗೆ ಕೊಟ್ಟ ಆರು ಮೂಟೆಯಿಂದ ಅರಮನೆಯ ಕಣಜಕ್ಕೆ ಬಹಳ ನಷ್ಟವಾಗಿರಬೇಕಲ್ಲವೆ?"

ಅಪ್ರಮೇಯಯ್ಯನವರ ವಿದ್ಯೆಯನ್ನೇ ಅನುಮಾನಿಸಿದ ಹಾಗಾಯಿತು. ಅವರು ಎದೆಯುಬ್ಬಿಸಿದರು. "ಒಂದು ಕಾಳೂ ನಷ್ಟವಿಲ್ಲ. ಅವನ ಸೇವೆಯ ರಾಗಿಯಲ್ಲೇ ಅಷ್ಟನ್ನೂ ಮುರಿದುಕೊಂಡಿದ್ದೇನೆ."

"ಕೇಳಿದಿರಾ ಪ್ರಭು," ಎಂದ ಸೋಬಣ್ಣ. "ಕಾಟಯ್ಯನ ಕಾಲನ್ನು ಕಾಟಯ್ಯನ ರಾಗಿ ಕೊಟ್ಟು ಕಾಟಯ್ಯನೇ ಕೊಂಡಿದ್ದಾನೆ. ತಾವು ಕೊಂಡೇ ಇಲ್ಲ. ಅವನು ತಮಗಿಂತ ಹದಿನೈದು ವರ್ಷ ದೊಡ್ಡವನು. ಹಿರಿಯರ ಕಾಲಿಗೆ ಕಾಲು ತಗುಲಿದರೆ ಏನು ಮಾಡಬೇಕೆಂದು ತಮಗೆ ಯಾರೂ ಹೇಳಿಕೊಡಬೇಕಾಗಿಲ್ಲ."

ಬಗ್ಗಿ, ಮುಟ್ಟಿ, ಕಣ್ಣಿಗೊತ್ತಿಕೊಳ್ಳಬೇಕು. ಮೂರು ವರ್ಷದ ಮಗುವಿಗೂ ಗೊತ್ತಿರುವ ಮಾತು. ಪುರೋಹಿತರು ಮುಹೂರ್ತ ಮೀರುತ್ತಿದೆ ಎಂದು ಗೊಣಗಿದರು.

ದೊರೆ ಕಾಟಯ್ಯನನ್ನು ಕೇಳಿದರು. "ವರ್ಷಕ್ಕೆ ನಿನಗೆಷ್ಟು ಬರುತ್ತದೆ?"

"ಹತ್ತು ಮೂಟೆ, ಬುದ್ಧಿ."

"ನಿನ್ನ ಜೊತೆಗೇ ದಂಡು ಬಿಟ್ಟ ಗಿಡ್ಡಯ್ಯನಿಗೆ?"

"ಅವನಿಗೂ ಹತ್ತೇ. ಅವನಿಗೆ ಎರಡು ಕಾಲೂ ಅವೆ."

ದೊರೆಯ ಮುಖ ಕಪ್ಪಿಟ್ಟಿತು. ಪಾರುಪತ್ಯಗಾರರು ಮಾತ್ರ ಇನ್ನೂ ಸೋತಿರಲಿಲ್ಲ. ಒಬ್ಬನಿಗೇ ಹದಿನಾರು ಮೂಟೆ ಕೊಟ್ಟರೆ ಲೋಕ ನಗುತ್ತದೆ ಎಂದರು.

"ಹತ್ತು, ಅವನು ನಡೆದ ಇಪ್ಪತ್ತು ವರ್ಷಕ್ಕೆ," ಎಂದ ಸೋಬಣ್ಣ. "ಆರು, ಇನ್ನು ಮುಂದೆ ನಡೆಯಲಾಗದ ವರ್ಷಗಳಿಗೆ. ಅದರಲ್ಲಿ ಇದನ್ನು ಕಳೆಯುವುದು ಹೇಗೆ ಸ್ವಾಮಿ?"

ದೊರೆ ಕಿರೀಟ ತೆಗೆದು ಪುರೋಹಿತರ ಕೈಗಿಟ್ಟರು. ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಹಿಂದಿನ ಎರಡು ದಸರೆಗಳಲ್ಲಿ ತುಳಿದದ್ದಕ್ಕೆ ಎಂದು ಎರಡನೇ ಸಲವೂ ಒತ್ತಿಕೊಂಡರು. ಕಾಟಯ್ಯ ಕೂತಲ್ಲೇ ಅತ್ತುಬಿಟ್ಟ.

ಹಿಡಿದಿಟ್ಟ ರಾಗಿಯೆಲ್ಲ ಸಂಜೆಯೊಳಗೆ ಕಾಟಯ್ಯನ ಮನೆ ಸೇರಬೇಕು, ನಾಳೆ ಅವನ ಹೊಲಕ್ಕೆ ಅರಮನೆಯ ಎತ್ತುಗಳೇ ಹೋಗಬೇಕು ಎಂದು ಅಪ್ಪಣೆಯಾಯಿತು. ಆಮೇಲೆ ದೊರೆಗೆ ನಗು ಬಂತು. ತನ್ನನ್ನು ಹೊಸ್ತಿಲಿಗೆ ಬಗ್ಗಿಸಿದ ಸೋಬಣ್ಣನಿಗೆ ಒಂದು ಶಾಲು ಹೊದಿಸಿ, ಚಿನ್ನದ ಕಡಗವನ್ನೂ ಮುಂದೆ ಚಾಚಿದರು.

ಸೋಬಣ್ಣ ಎರಡು ಹೆಜ್ಜೆ ಹಿಂದೆ ಸರಿದು ಶಾಲನ್ನು ಬಿಗಿಯಾಗಿ ಹಿಡಿದುಕೊಂಡ.

"ಕಡಗ ಬೇಡ ಪ್ರಭು. ಅದು ಕೈಗೆ ಬಿದ್ದ ಕೂಡಲೆ ಪಾರುಪತ್ಯಗಾರರು ಶಾಲು ಎಳೆದುಕೊಳ್ಳುತ್ತಾರೆ. ಚಳಿಗಾಲ ಬೇರೆ ಬರುತ್ತಿದೆ."