ಸೂಲಗಿತ್ತಿಯ ಸೀಸೆ

"ಅಮ್ಮ, ಬೆಳಗಿನ ಪೂಜೆಗೂ ಸಂಜೆಯ ಪ್ರಾರ್ಥನೆಗೂ ನಡುವೆ ದೇವರು ಎಲ್ಲಿರುತ್ತಾನೆ?" ಎಂದು ಶಿಷ್ಯೆ ಕೇಳಿದಳು.

ಕ್ರೈಸ್ತ ಕನ್ಯಾಮಠದ ಹಿರಿಯ ತಾಯಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಈ ಪ್ರಶ್ನೆ ಎಲ್ಲಿಂದ ಬಂತು ಎಂದು ವಿಚಾರಿಸಿದರು.

ಶಿಷ್ಯೆ ಮಠಕ್ಕೆ ಸೇರಿ ಒಂದು ವರ್ಷವಾಗಿತ್ತು. ಅವಳನ್ನು ಮಠದ ಆಸ್ಪತ್ರೆಯ ಕೆಲಸಕ್ಕೆ ಹಾಕಿದ್ದರು. ದೇವರ ಹತ್ತಿರ ಇರಬೇಕೆಂದು ಮನೆ ಬಿಟ್ಟು ಬಂದೆ, ಆದರೆ ದಿನವೆಲ್ಲ ಹುಣ್ಣು ತೊಳೆಯುವುದರಲ್ಲಿ, ಹಾಸಿಗೆ ಬದಲಿಸುವುದರಲ್ಲಿ ಕಳೆದುಹೋಗುತ್ತದೆ ಎಂದಳು. ಪ್ರಾರ್ಥನೆಯ ಗಂಟೆ ಬಾರಿಸುವಾಗ ಯಾರಾದರೊಬ್ಬ ರೋಗಿ ಅವಳ ಕೈ ಹಿಡಿದುಕೊಂಡಿರುತ್ತಾರೆ. ನಿನ್ನೆ ಒಬ್ಬ ಮುದುಕಿಗೆ ಗಂಜಿ ಕುಡಿಸುತ್ತಿದ್ದಳು. ಮುದುಕಿ ಒಂದೊಂದು ಚಮಚಕ್ಕೂ ನಿಲ್ಲಿಸಿ ತನ್ನ ಸೊಸೆಯನ್ನು ಬೈಯುತ್ತಿದ್ದಳು. ಬಟ್ಟಲು ಖಾಲಿಯಾಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು. ಉಳಿದ ಸಹೋದರಿಯರ ಬಟ್ಟೆಯಲ್ಲಿ ಧೂಪದ ವಾಸನೆ, ನನ್ನ ಬಟ್ಟೆಯಲ್ಲಿ ಫಿನಾಯಿಲಿನ ವಾಸನೆ ಎಂದಳು. ತನ್ನನ್ನು ಪೂಜಾವಸ್ತ್ರಗಳಿಗೆ ಇಸ್ತ್ರಿ ಹಾಕುವ ಕೆಲಸಕ್ಕೆ ಬದಲಾಯಿಸಬೇಕು, ಆ ಕೋಣೆಯಿಂದ ಪೀಠ ಹತ್ತೇ ಹೆಜ್ಜೆ, ಎಂದು ಬೇಡಿಕೊಂಡಳು.

ಹಿರಿಯ ತಾಯಿ ಮೊರವನ್ನು ಅವಳ ಕಡೆಗೆ ಸರಿಸಿದರು. "ಕೂತುಕೋ. ನೀನೂ ಸುಲಿ," ಎಂದರು. ಸ್ವಲ್ಪ ಹೊತ್ತಿನ ಮೇಲೆ ಈ ಕತೆ ಹೇಳಿದರು.

ದೂರದ ಒಂದು ಸೀಮೆಯಲ್ಲಿ ಒಬ್ಬ ಸೂಲಗಿತ್ತಿ ಇದ್ದಳು. ಆ ಸೀಮೆಯ ತುಂಬ ಕಲ್ಲುಬಂಡೆ. ಕಲ್ಲು ಒಡೆಯುವವರು ಬಂಡೆಯ ಬುಡದಲ್ಲೇ ಗುಡಿಸಲು ಹಾಕಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ಕ್ರೈಸ್ತರು. ಹತ್ತಿರದಲ್ಲಿ ಆಸ್ಪತ್ರೆ ಇರಲಿಲ್ಲ. ಹುಟ್ಟುವ ಮಕ್ಕಳೆಲ್ಲ ಆ ಸೂಲಗಿತ್ತಿಯ ಕೈಯಲ್ಲೇ ಹುಟ್ಟುತ್ತಿದ್ದವು.

ಊರಿನ ಕ್ರೈಸ್ತ ಗುಡಿಯ ಗುರುಗಳು ಅವಳಿಗೆ ಒಂದು ವಿಷಯ ಕಲಿಸಿಕೊಟ್ಟಿದ್ದರು. ಹುಟ್ಟಿದ ಮಗು ಉಳಿಯುವುದಿಲ್ಲವೆಂದು ಕಂಡರೆ ಗುರುಗಳಿಗಾಗಿ ಕಾಯಬಾರದು. ಮಗುವಿನ ನೆತ್ತಿಯ ಮೇಲೆ ನೀರು ಸುರಿದು, ಹೆಸರು ಹಿಡಿದು, ಜ್ಞಾನಸ್ನಾನದ ಮಾತುಗಳನ್ನು ಅವಳೇ ಹೇಳಬೇಕು. ಹಾಗೆ ಮಾಡಿದರೆ ಮಗು ದೇವರ ಮನೆಗೆ ಸೇರಿತು. ಅದನ್ನು ಸಮಾಧಿತೋಟದ ಗೋಡೆಯೊಳಗೆ ಹೂಳಬಹುದು. ನೀರು ಬೀಳದ ಮಗುವಿಗೆ ಗೋಡೆಯ ಹೊರಗೆ ಜಾಗ. ಆ ಕಾಲದ ಕಟ್ಟಳೆ ಹಾಗಿತ್ತು.

ಬಂಡೆಯ ಬುಡದಲ್ಲಿ ಬೇಕಾದಾಗ ನೀರು ಸಿಗುತ್ತದೆಂದು ನಂಬಲಾಗುತ್ತಿರಲಿಲ್ಲ. ಅದಕ್ಕಾಗಿ ಸೂಲಗಿತ್ತಿ ಒಂದು ಸಣ್ಣ ಸೀಸೆ ಇಟ್ಟುಕೊಂಡಿದ್ದಳು. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಹಳೆಯ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ಗುಡಿಯ ಬಾಗಿಲಿನ ತೊಟ್ಟಿಯಿಂದ ಮಂತ್ರಿಸಿದ ನೀರನ್ನು ತುಂಬಿಕೊಳ್ಳುತ್ತಿದ್ದಳು. ಸೀಸೆಗೆ ಬಿರಡೆ ಹಾಕಿ, ಬಟ್ಟೆಯಲ್ಲಿ ಸುತ್ತಿ, ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅದನ್ನು ಬಳಸಬೇಕಾಗಿ ಬಂದದ್ದು ಹಲವು ಸಲ. ಆ ಮಕ್ಕಳೆಲ್ಲ ಗೋಡೆಯೊಳಗಿದ್ದರು.

ಒಂದು ಬೇಸಿಗೆಯಲ್ಲಿ ಒಬ್ಬ ಕಲ್ಲುಕುಟಿಗನ ಹೆಂಡತಿಗೆ ನೋವು ಶುರುವಾಯಿತು. ಅವಳದು ಚೊಚ್ಚಲ ಬಸಿರು. ಸೂಲಗಿತ್ತಿ ಬೆಳಿಗ್ಗೆಯೇ ಹೋದಳು. ಕಲ್ಲುಕುಟಿಗ ಬಾಗಿಲಲ್ಲಿ ನಿಂತು, ಏನಾಯಿತು, ಇನ್ನೆಷ್ಟು ಹೊತ್ತು ಎಂದು ಕೇಳುತ್ತಲೇ ಇದ್ದ. ಹೆರಿಗೆಮನೆಯಲ್ಲಿ ಗಂಡಸಿಗೆ ಇರುವುದು ಒಂದೇ ಕೆಲಸ, ಹೊರಗೆ ಹೋಗುವುದು, ಎಂದು ಸೂಲಗಿತ್ತಿ ಗದರಿದಳು. ಎರಡು ದಿನಕ್ಕೊಮ್ಮೆ ಬರುವ ನೀರಿನ ಗಾಡಿ ಅಂದು ಬಂದಿರಲಿಲ್ಲ. ಗುಡಿಸಲಿನ ಮಡಕೆ ಬರಿದಾಗಿತ್ತು. ಅಕ್ಕಪಕ್ಕದವರ ಮಡಕೆಗಳೂ ಬರಿದಾಗಿದ್ದವು. ಹೊಳೆಯ ಒರತೆ ಒಂದು ಹರದಾರಿ ದೂರ. ಅವನು ಕೊಡ ತೆಗೆದುಕೊಂಡು ಓಡಿದ.

ಹೊತ್ತು ಏರಿತು. ಬಂಡೆಯ ಕಾವು ಗುಡಿಸಲಿನೊಳಗೆ ಬಂತು. ಬಸುರಿಗೆ ಬಾಯಾರಿಕೆಯಾಯಿತು. ನೀರು ಕೇಳಿದಳು. ಗಂಡ ತರುತ್ತಿದ್ದಾನೆ ಎಂದು ಸೂಲಗಿತ್ತಿ ಸಮಾಧಾನ ಹೇಳಿದಳು. ಮತ್ತೆ ಕೇಳಿದಳು. ಅವಳ ತುಟಿ ಬಿರಿದಿತ್ತು, ನಾಲಿಗೆ ಅಂಗುಳಕ್ಕೆ ಅಂಟಿ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಅವಳ ಕಣ್ಣು ಸೂಲಗಿತ್ತಿಯ ಸೊಂಟದ ಮೇಲೆ ಬಿತ್ತು.

"ಅದರಲ್ಲಿ ಇದೆಯಲ್ಲ ಅಕ್ಕ."

"ಅದು ಮಗುವಿನ ಪಾಲಿನ ನೀರು ಕಣೇ."

"ಮಗು ಕೇಳುತ್ತಿಲ್ಲ. ನಾನು ಕೇಳುತ್ತಿದ್ದೇನೆ."

ಸೂಲಗಿತ್ತಿ ಅವಳ ಹೊಟ್ಟೆಯ ಮೇಲೆ ಕೈ ಇಟ್ಟು ನೋಡಿದಳು. ಮಗು ಚೆನ್ನಾಗಿ ಆಡುತ್ತಿತ್ತು. ಗಂಡ ಇನ್ನೇನು ಬಂದುಬಿಡುತ್ತಾನೆ. ಅವಳು ಬಿರಡೆ ತೆಗೆದು, ತುಟಿ ಒದ್ದೆಯಾದರೆ ಸಾಕೆಂದು, ಬಸುರಿಯ ಬಾಯಿಗೆ ಹಿಡಿದಳು. ಬಸುರಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡಳು. ಸೂಲಗಿತ್ತಿ ಕೈ ಕಿತ್ತುಕೊಳ್ಳಬಹುದಿತ್ತು. ಕಿತ್ತುಕೊಳ್ಳಲಿಲ್ಲ. ಬಸುರಿ ಕೊನೆಯ ಹನಿಯವರೆಗೂ ಕುಡಿದು, ದೇವರು ನಿನ್ನ ಕೈ ತಣ್ಣಗಿಟ್ಟಿರಲಿ ಎಂದಳು.

ಆಮೇಲೆ ಹೆರಿಗೆ ಬೇಗ ಆಯಿತು. ಕರುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿತ್ತು. ಹೆಣ್ಣು ಮಗು. ಅಳಲಿಲ್ಲ. ಮೈ ನೀಲಿಗಟ್ಟಿತ್ತು. ‘ಪರಲೋಕದಲ್ಲಿರುವ ತಂದೆಯೇ’ ಎಂಬ ಪ್ರಾರ್ಥನೆಯನ್ನು ಎರಡು ಸಲ ಹೇಳುವಷ್ಟು ಹೊತ್ತು ಉಸಿರಾಡಿತು. ಸೂಲಗಿತ್ತಿ ಬೆನ್ನು ತಟ್ಟಿದಳು, ಬಾಯಿಗೆ ಬಾಯಿಟ್ಟು ಊದಿದಳು. ಕೈಲಾಗುವುದಿಲ್ಲವೆಂದು ತಿಳಿದಾಗ ಸೀಸೆಯನ್ನು ತೆಗೆದು ಮಗುವಿನ ನೆತ್ತಿಯ ಮೇಲೆ ಬೋರಲು ಮಾಡಿದಳು. ಸೀಸೆಯ ತಳವನ್ನು ಅಂಗೈಯಿಂದ ತಟ್ಟಿದಳು. ಏನೂ ಬೀಳಲಿಲ್ಲ. ತಾಯಿ ಮಲಗಿದಲ್ಲಿಂದಲೇ ಮಗುವಿಗೆ ಇಡಬೇಕೆಂದಿದ್ದ ಹೆಸರನ್ನು ಕೂಗಿ ಹೇಳಿದಳು. ಲೂರ್ದಮ್ಮ ಎಂದು ಹೆಸರು. ಸೂಲಗಿತ್ತಿ ಆ ಹೆಸರು ಹಿಡಿದು ಎಲ್ಲ ಮಾತುಗಳನ್ನೂ ಹೇಳಿದಳು. ನೀರಿಲ್ಲದೆ ಆ ಮಾತುಗಳು ನಡೆಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು.

ಕಲ್ಲುಕುಟಿಗ ಬಂದ. ತುಳುಕದಂತೆ ಕೊಡದ ಬಾಯಿಗೆ ಸೊಪ್ಪು ಮುಚ್ಚಿಕೊಂಡು ತಂದಿದ್ದ. ಒಂದು ಹನಿಯೂ ಚೆಲ್ಲಿರಲಿಲ್ಲ. ಆ ನೀರಿನಲ್ಲಿ ಮಗುವಿನ ಹೆಣ ತೊಳೆದರು.

ಗುರುಗಳಿಗೆ ಹೇಳಿ ಕಳಿಸಿದರು. ಅವರು ಬರುವ ಮೊದಲು ತಾಯಿ ಸೂಲಗಿತ್ತಿಯನ್ನು ಹತ್ತಿರ ಕರೆದಳು. ನೀರು ಬಿತ್ತು ಎಂದು ಹೇಳಿಬಿಡು ಎಂದು ಬೇಡಿದಳು. ನಾನು ಮಲಗಿದ್ದೆ, ನನಗೇನೂ ಕಾಣಲಿಲ್ಲ, ನಿನ್ನ ಮಾತನ್ನು ಯಾರೂ ಅಲ್ಲಗಳೆಯುವುದಿಲ್ಲ ಎಂದಳು. ಕಲ್ಲುಕುಟಿಗ ಹೊರಗೆ ಹೋಗಿ ನಿಂತ. ಸಮಾಧಿತೋಟದ ಗೋಡೆಗೆ ಕಲ್ಲು ಒಡೆದುಕೊಟ್ಟವನು ಅವನೇ.

ಸೂಲಗಿತ್ತಿಗೆ ಹೇಳಿಬಿಡಬೇಕೆನಿಸಿತು. ಆದರೆ ಗೋಡೆಯೊಳಗೆ ಅವಳು ನೀರು ಹಾಕಿದ ಮಕ್ಕಳೆಲ್ಲ ಇದ್ದರು. ಅವರಿಗೆಲ್ಲ ಸಾಕ್ಷಿ ಅವಳ ಮಾತೊಂದೇ. ಮುಂದೆ ಎಂದಾದರೂ ಈ ಸುಳ್ಳು ಹೊರಬಿದ್ದರೆ, ಆ ಮಕ್ಕಳ ತಾಯಂದಿರಲ್ಲಿ ಒಬ್ಬಳಾದರೂ ನೆಮ್ಮದಿಯಿಂದ ಮಲಗುವುದಿಲ್ಲ.

ಗುರುಗಳು ಕೆಟ್ಟವರಲ್ಲ. ಅವರು ಹೌದು ಎಂಬ ಮಾತನ್ನೇ ಕಾಯುತ್ತಿದ್ದರು. ನೀರು ಬಿತ್ತೇ ಎಂದು ಕೇಳಿದರು. ಇಲ್ಲವೆಂದಳು. ಚೆನ್ನಾಗಿ ನೆನಪು ಮಾಡಿಕೋ, ಸೀಸೆಯ ತಳದಲ್ಲಿ ಒಂದು ಹನಿಯಾದರೂ ಉಳಿದಿರಬಹುದು ಎಂದರು.

"ಇಲ್ಲ ಸ್ವಾಮಿ. ಅವಳಿಗೆ ಬಾಯಾರಿತ್ತು. ಪೂರ್ತಿ ಕುಡಿದಳು."

 ಗುರುಗಳು ಎದ್ದು, ಕೊಡೆ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೋದರು. ಮಗುವನ್ನು ಗೋಡೆಯ ಹೊರಗೆ ಹೂಳಿದರು.

ಅಂದಿನಿಂದ ಆ ತಾಯಿ ಸೂಲಗಿತ್ತಿಯ ಜೊತೆ ಮಾತಾಡಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು ಎಂದು ಸೂಲಗಿತ್ತಿ ಒಮ್ಮೆ ಯಾರೊಂದಿಗೋ ಹೇಳಿದಳಂತೆ. ಸತ್ತವರನ್ನು ನೆನೆಯುವ ಕಲ್ಲರೆ ಹಬ್ಬದ ದಿನ ಊರಿನವರೆಲ್ಲ ತಮ್ಮವರ ಸಮಾಧಿಗೆ ಹೂವು, ಮೇಣದಬತ್ತಿ ಇಡುತ್ತಿದ್ದರು. ಗುರುಗಳು ಒಂದೊಂದು ಸಮಾಧಿಗೂ ತೀರ್ಥ ಚಿಮುಕಿಸುತ್ತ ಗೋಡೆಯವರೆಗೂ ಬಂದು ತಿರುಗುತ್ತಿದ್ದರು. ಆ ತಾಯಿ ಗೋಡೆಯ ಆಚೆ ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದಳು. ಒಳಗಿನವರಿಗೆ ಅವಳ ಸೆರಗಿನ ತುದಿ ಮಾತ್ರ ಕಾಣುತ್ತಿತ್ತು.

ಸೂಲಗಿತ್ತಿ ಒಂದು ಪಾಠ ಕಲಿತಳು. ಸೀಸೆಗೆ ನೀರು ತುಂಬಿ ಬಿರಡೆ ಹಾಕಿದ ಮೇಲೆ, ಪೀಠದ ಮೇಣದಬತ್ತಿಯ ಕೊನೆಯನ್ನು ಕರಗಿಸಿ ಬಾಯಿಗೆ ಹಚ್ಚತೊಡಗಿದಳು. ಇನ್ನು ಮುಂದೆ ಯಾರ ಬಾಯಾರಿಕೆಗೂ ಅದು ತೆರೆಯುವಂತಿರಲಿಲ್ಲ. ಎಷ್ಟೋ ಗುಡಿಸಲುಗಳಲ್ಲಿ ಹೆರುವವರು ನೀರು ಬೇಡಿದರು. ಅವಳು ಮುಖ ತಿರುಗಿಸಿಕೊಂಡು ಗಾಡಿ ಬರುತ್ತದೆ ಎನ್ನುತ್ತಿದ್ದಳು. ಒಬ್ಬಳು ನೋವಿನ ನಡುವೆಯೇ, ನೀನು ಆ ಸೀಸೆಗೇ ಹೆರಿಗೆ ಮಾಡಿಸಲು ಬಂದೆಯೋ ನನಗೋ ಎಂದು ಹಂಗಿಸಿದಳು.  ಸೂಲಗಿತ್ತಿಯ ನಾಲಿಗೆಯ ಹರಿತ ಹೋಗಿತ್ತು. ಕೈಯೂ ಮೊದಲಿನಂತಿರಲಿಲ್ಲ.

ವರ್ಷಕ್ಕೆರಡು ಸಲ ಅವಳು ಪಾಪನಿವೇದನೆಗೆ ಹೋಗುತ್ತಿದ್ದಳು. ಪ್ರತಿ ಸಲವೂ ಅದೊಂದನ್ನೇ ಹೇಳುತ್ತಿದ್ದಳು. ದೇವರ ನೀರನ್ನು ದಾಹಕ್ಕೆ ಕೊಟ್ಟುಬಿಟ್ಟೆ. ಗುರುಗಳು ಪ್ರತಿ ಸಲವೂ ಕೈ ಎತ್ತಿ ಕ್ಷಮೆಯ ಮಾತು ಹೇಳುತ್ತಿದ್ದರು. ಅದು ಪಾಪವೇ ಅಲ್ಲವೆಂದು ಅವರು ಒಮ್ಮೆಯೂ ಹೇಳಲಿಲ್ಲ. ಅವರಿಗೂ ತಿಳಿದಿರಲಿಲ್ಲ.

ಅವಳಿಗೆ ವಯಸ್ಸಾಯಿತು. ಒಂದು ಬೇಸಿಗೆಯಲ್ಲಿ ಜ್ವರ ಹಿಡಿದು ಮಲಗಿದಳು. ಅವಳ ಕೈಯಲ್ಲಿ ಹುಟ್ಟಿದವರು, ಅವಳ ಕೈಯಲ್ಲಿ ಹೆತ್ತವರು ಸುತ್ತ ಕೂತಿದ್ದರು. ಮಾತು ಬಿಟ್ಟ ಆ ತಾಯಿಯೂ ಬಂದು ಬಾಗಿಲ ಹತ್ತಿರ ಕೂತಿದ್ದಳು. ಸೂಲಗಿತ್ತಿ ಕಣ್ಣು ತೆರೆದು ನೀರು ಎಂದಳು. ಮಡಕೆ ಬರಿದಾಗಿತ್ತು. ಎಲ್ಲರೂ ಗಡಿಬಿಡಿಯಿಂದ ಎದ್ದರು. ತಲೆಯ ಹತ್ತಿರ, ಗೂಡಿನಲ್ಲಿ, ಸೀಸೆ ತುಂಬಿಕೊಂಡು ಕೂತಿತ್ತು. ಆ ತಾಯಿ ಬಂದು ಸೀಸೆಯ ಕಡೆಗೆ ಕೈ ಚಾಚಿದಳು. ಬೆರಳು ಮೇಣಕ್ಕೆ ತಗುಲಿತು. ಅದು ಮಕ್ಕಳ ನೀರು ಎಂದು ಯಾರೋ ಹೇಳಿದರು. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಒಬ್ಬಳು ಪಕ್ಕದ ಕೇರಿಗೆ ಓಡಿದಳು. ಚೊಂಬು ತರುವಷ್ಟರಲ್ಲಿ ಸೂಲಗಿತ್ತಿಯ ಬಾಯಿ ಕಚ್ಚಿಕೊಂಡಿತ್ತು.

ಅವಳನ್ನು ಗೋಡೆಯೊಳಗೆ ಹೂಳಿದರು. ಸೀಸೆಯನ್ನೂ ಶವಪೆಟ್ಟಿಗೆಯಲ್ಲಿಟ್ಟರು. ಮೇಣ ಒಡೆದಿರಲಿಲ್ಲ.

ಹಿರಿಯ ತಾಯಿ ಇಷ್ಟು ಹೇಳಿ ನಿಲ್ಲಿಸಿದರು. ಮೊರದಲ್ಲಿ ಕಾಯಿ ಇನ್ನೂ ಉಳಿದಿತ್ತು. ಆಸ್ಪತ್ರೆಯ ಕಡೆಯಿಂದ ಆ ಮುದುಕಿ ಯಾರನ್ನೋ ಬೈಯುವ ಸದ್ದು ಕೇಳುತ್ತಿತ್ತು. ಶಿಷ್ಯೆಯ ಕೈ ಸುಲಿಯುವುದನ್ನು ಆಗಲೇ ಬಿಟ್ಟಿತ್ತು.

"ನಾನು ಕೇಳಿದ್ದಕ್ಕೆ ಇದು ಉತ್ತರವಾಗಲಿಲ್ಲ ಅಮ್ಮ," ಎಂದಳು ಅವಳು. "ಆ ದಿನ ಆ ಗುಡಿಸಲಿಗೆ ದೇವರು ಬರಲೇ ಇಲ್ಲ. ಆ ಮಗುವಿಗೆ ಒಂದು ಹನಿ ನೀರೂ ಮುಟ್ಟಲಿಲ್ಲ."

ಹಿರಿಯ ತಾಯಿ ಅವಳ ಮುಂದಿನಿಂದ ಮೊರವನ್ನು ತೆಗೆದುಕೊಂಡರು.

"ಅವಳು ಆ ನೀರು ಕುಡಿಯುವಾಗ ಮಗು ಅವಳ ಒಳಗೇ ಇತ್ತು."